ದಾರಿಯುದ್ದಕ್ಕೂ ಎಲ್ಲ ಸರಿ, ತಲುಪಿದ ಫೈಲ್ ಮಾತ್ರ ತಪ್ಪು

ಇವತ್ತಿನ ಸಂಚಿಕೆಯಲ್ಲಿ ಯುದ್ಧ ಇಲ್ಲ, ರಾಜರೂ ಇಲ್ಲ. ಒಂದು ಫೈಲ್ ಇದೆ, ಅಷ್ಟೆ. ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಹೋಗಬೇಕು, ಹೋಗುತ್ತೆ. ಪ್ರೋಗ್ರೆಸ್ ಬಾರ್ ನೂರು ಮುಟ್ಟುತ್ತೆ. ಸೈಜ್ ಎರಡೂ ಕಡೆ ಒಂದೇ. ಎರರ್ ಅನ್ನೋ ಪದ ಎಲ್ಲೂ ಕಾಣಲ್ಲ. ಆದರೆ ಒಳಗೆ ಎಲ್ಲೋ ಎರಡು ಬೈಟ್ ಬದಲಾಗಿವೆ. ಜಿಪ್ ಫೈಲ್ ತೆರೆಯಲ್ಲ, ಡೇಟಾಬೇಸ್ ಬ್ಯಾಕಪ್ ರೀಸ್ಟೋರ್ ಆಗಲ್ಲ. ಇನ್ನೂ ಕೆಟ್ಟದ್ದು ಏನಂದ್ರೆ, ಎಲ್ಲವೂ ಚೆನ್ನಾಗಿಯೇ ತೆರೆದುಕೊಂಡು, ಯಾವುದೋ ಒಂದು ಸಾಲಿನ ಅಂಕಿ ಮಾತ್ರ ತಪ್ಪಿರುತ್ತೆ. ನೆಟ್‌ವರ್ಕ್‌ನವರನ್ನು ಕೇಳಿದ್ರೆ "ನಮ್ಮ ಕಡೆ ಸರಿ ಇದೆ" ಅಂತಾರೆ. ಸ್ಟೋರೇಜ್‌ನವರನ್ನು ಕೇಳಿದ್ರೂ ಅದೇ ಉತ್ತರ. ವಿಚಿತ್ರ ಅಂದ್ರೆ, ಇಬ್ಬರೂ ಸುಳ್ಳು ಹೇಳ್ತಿರಲ್ಲ.

ಈ ತಲೆನೋವಿಗೆ 40 ವರ್ಷಕ್ಕೂ ಹೆಚ್ಚಿನ ಇತಿಹಾಸ ಇದೆ. ಅದು ಗೊತ್ತಿದ್ರೆ ಇವತ್ತು ಸರ್ವರ್ ಮುಂದೆ ಕೂತವರು ಹುಡುಕಾಟವನ್ನು ಎಲ್ಲಿಂದ ಶುರು ಮಾಡಬೇಕು ಅನ್ನೋದೂ ಗೊತ್ತಾಗುತ್ತೆ.

ಅಮೆರಿಕದ ಎಂಐಟಿಯಿಂದ ಶುರು ಮಾಡೋಣ. ಅಲ್ಲಿ ಹಲವು ಲೋಕಲ್ ನೆಟ್‌ವರ್ಕ್‌ಗಳಿದ್ದವು. ಅವುಗಳನ್ನು ಜೋಡಿಸಲು ನಡುವೆ ಗೇಟ್‌ವೇ ಕಂಪ್ಯೂಟರ್‌ಗಳು. ಇವತ್ತಿನ ರೂಟರ್‌ಗಳ ಅಜ್ಜಂದಿರು ಅನ್ನಿ. ಒಂದು ಗೇಟ್‌ವೇಯಿಂದ ಇನ್ನೊಂದಕ್ಕೆ ಹೋಗುವಾಗ ಪ್ರತಿ ಪ್ಯಾಕೆಟ್‌ಗೂ ಚೆಕ್‌ಸಮ್ ಇತ್ತು. ಚೆಕ್‌ಸಮ್ ಅಂದ್ರೆ ಡೇಟಾದಿಂದ ಲೆಕ್ಕ ಹಾಕಿ ಜೊತೆಗೆ ಕಳಿಸುವ ಒಂದು ಸಂಖ್ಯೆ. ಆ ಕಡೆಯವರು ಮತ್ತೆ ಲೆಕ್ಕ ಹಾಕಿ ತಾಳೆ ನೋಡ್ತಾರೆ. ಪ್ರತಿ ಹೆಜ್ಜೆಗೂ ತಪಾಸಣೆ ಇದೆಯಲ್ಲ, ಇನ್ನೇನು ಚಿಂತೆ ಅಂತ ಪ್ರೋಗ್ರಾಮರ್‌ಗಳು ನೆಮ್ಮದಿಯಾಗಿದ್ರು.

ಹೀಗಿರುವಾಗ ಒಂದು ಗೇಟ್‌ವೇ ಕೆಟ್ಟಿತು. ಪೂರ್ತಿ ಕೆಟ್ಟಿದ್ರೆ ಯಾರಾದ್ರೂ ಗಮನಿಸ್ತಿದ್ರು. ಇದು ಆಗೊಮ್ಮೆ ಈಗೊಮ್ಮೆ ಕೆಡುತ್ತಿತ್ತು. ಒಳಗೆ ಬಂದ ಡೇಟಾವನ್ನು ಹೊರಗೆ ಹೋಗುವ ಬಫರ್‌ಗೆ ನಕಲು ಮಾಡುವಾಗ ಎರಡು ಬೈಟ್‌ಗಳನ್ನು ಅದಲುಬದಲು ಮಾಡ್ತಿತ್ತು, ಸುಮಾರು ಹತ್ತು ಲಕ್ಷ ಬೈಟ್‌ಗೆ ಒಂದು ಸಲ. ಒಳಗೆ ಬರುವಾಗಿನ ತಪಾಸಣೆ ಆಗಲೇ ಮುಗಿದಿತ್ತು. ಹೊರಗೆ ಹೋಗುವಾಗಿನ ಚೆಕ್‌ಸಮ್ ಲೆಕ್ಕ ಹಾಕಿದ್ದು ಅದಲುಬದಲಾದ ಮೇಲೆ. ತಪ್ಪು ಡೇಟಾದ ಮೇಲೆ "ಸರಿ ಇದೆ" ಅನ್ನೋ ಮುದ್ರೆ ಬೀಳ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಅಂತಾರಲ್ಲ, ಪಕ್ಕಾ ಅದೇ.

ಆ ಗೇಟ್‌ವೇ ಮೂಲಕ ಪದೇ ಪದೇ ಹೋಗಿ ಬರ್ತಿದ್ದದ್ದು ಒಂದು ಆಪರೇಟಿಂಗ್ ಸಿಸ್ಟಮ್‌ನ ಸೋರ್ಸ್ ಕೋಡ್. ಪ್ರತಿ ಓಡಾಟದಲ್ಲೂ ಇನ್ನಷ್ಟು ಫೈಲ್‌ಗಳು ಹಾಳಾಗುವ ಅವಕಾಶ. ಕೊನೆಗೆ ಅವುಗಳ ಮಾಲೀಕರಿಗೆ ಉಳಿದದ್ದು ಒಂದೇ ದಾರಿ: ಹಿಂದೆ ಕಾಗದದ ಮೇಲೆ ಪ್ರಿಂಟ್ ಮಾಡಿಟ್ಟಿದ್ದ ಹಳೆ ಪ್ರತಿ ಹಿಡಿದು, ಕಣ್ಣಲ್ಲೇ ಹೋಲಿಸಿ, ಕೈಯಲ್ಲೇ ತಿದ್ದೋದು. ಪ್ರಿಂಟ್ ಇಲ್ಲದೇ ಇದ್ದಿದ್ರೆ ಅಂತ ಯೋಚಿಸಿ.

ಈ ಪ್ರಸಂಗ ನಮಗೆ ಗೊತ್ತಾಗಿದ್ದು ಎಂಐಟಿಯ ಜೆರೋಮ್ ಸಾಲ್ಟ್ಜರ್, ಡೇವಿಡ್ ರೀಡ್, ಡೇವಿಡ್ ಕ್ಲಾರ್ಕ್ ಮೂವರೂ ಸೇರಿ 1984ರಲ್ಲಿ ಪ್ರಕಟಿಸಿದ ಲೇಖನದಿಂದ. 'ಎಂಡ್ ಟು ಎಂಡ್' ವಾದ ಅಂತ ಅದು ಪ್ರಸಿದ್ಧಿ. ಇಂಟರ್ನೆಟ್ ಹೇಗಿರಬೇಕು ಅನ್ನೋ ಚರ್ಚೆಯಲ್ಲಿ ಇವತ್ತಿಗೂ ಅದರ ಹೆಸರು ಬರುತ್ತೆ. ದೊಡ್ಡ ತತ್ವದ ಹಾಗೆ ಅದನ್ನು ಉಲ್ಲೇಖಿಸ್ತಾರೆ. ಆದರೆ ಅವರು ಎತ್ತಿಕೊಂಡ ಮುಖ್ಯ ಉದಾಹರಣೆ ಬರೀ ಫೈಲ್ ಕಾಪಿ. ಡಿಸ್ಕ್‌ನಿಂದ ಓದುವಾಗ ತಪ್ಪಬಹುದು, ಮೆಮೊರಿಯಲ್ಲಿ ತಪ್ಪಬಹುದು, ಸಾಫ್ಟ್‌ವೇರ್ ನಕಲು ಮಾಡುವಾಗ ತಪ್ಪಬಹುದು, ದಾರಿಯಲ್ಲಿ ತಪ್ಪಬಹುದು, ಆ ಕಡೆ ಬರೆಯುವಾಗ ತಪ್ಪಬಹುದು. ನೆಟ್‌ವರ್ಕ್ ಒಂದನ್ನೇ ಎಷ್ಟು ಗಟ್ಟಿ ಮಾಡಿದ್ರೂ ಉಳಿದವು ಹಾಗೇ ಇರ್ತವೆ. ಆದ್ದರಿಂದ ಈ ತುದಿಯ ಫೈಲ್, ಆ ತುದಿಯ ಫೈಲ್ ಎರಡನ್ನೂ ಹೋಲಿಸಲೇಬೇಕು. ಹಾಗಂತ ನಡುವಿನ ತಪಾಸಣೆಗಳು ದಂಡ ಅಂತ ಅವರು ಹೇಳಲಿಲ್ಲ. ಅವು ಕೆಲಸವನ್ನು ಬೇಗ ಮುಗಿಸೋಕೆ ಸಹಾಯ ಮಾಡ್ತವೆ, ಗ್ಯಾರಂಟಿ ಕೊಡಲ್ಲ.

ಇಲ್ಲಿ ನಿಮಗೊಂದು ಪ್ರಶ್ನೆ ಬರಬೇಕು. ಟಿಸಿಪಿ ಇದೆಯಲ್ಲ? ಇಂಟರ್ನೆಟ್‌ನಲ್ಲಿ ಫೈಲ್ ಸಾಗಿಸೋದು ಹೆಚ್ಚಾಗಿ ಅದೇ. ಅದರ ಚೆಕ್‌ಸಮ್ ಕಳಿಸಿದ ಕಂಪ್ಯೂಟರ್‌ನಲ್ಲಿ ಹುಟ್ಟಿ, ತಲುಪಿದ ಕಂಪ್ಯೂಟರ್‌ನಲ್ಲಿ ಪರೀಕ್ಷೆ ಆಗುತ್ತೆ. ತುದಿಯಿಂದ ತುದಿಗೆ ಅಂದ್ರೆ ಅದೇ ತಾನೆ? ಹೌದು. ಆದರೆ ಅದು ತುಂಬಾ ಬಡಪಾಯಿ ಚೆಕ್‌ಸಮ್. ಡೇಟಾವನ್ನು 16 ಬಿಟ್‌ಗಳ ತುಂಡುಗಳಾಗಿ ಮಾಡಿ ಕೂಡಿಸುತ್ತೆ. ಕೂಡಿಸೋ ಲೆಕ್ಕದ ದೌರ್ಬಲ್ಯ ಏನು ಅಂತ ಬಿಕಾಂ ಓದಿದವರಿಗೆ ಬೇರೆ ಹೇಳಬೇಕಾಗಿಲ್ಲ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಯ್ತು ಅಂದ ಮಾತ್ರಕ್ಕೆ ಪುಸ್ತಕ ಸರಿ ಅಂತಲ್ಲ. ರಮೇಶನ ಖಾತೆಗೆ ಹೋಗಬೇಕಾದ 500 ರೂಪಾಯಿ ಸುರೇಶನ ಖಾತೆಗೆ ಹೋದರೂ ಮೊತ್ತ ಬದಲಾಗಲ್ಲ. ಒಂದು ಕಡೆ 100 ಹೆಚ್ಚು, ಇನ್ನೊಂದು ಕಡೆ 100 ಕಡಿಮೆ ಆದರೂ ಅಷ್ಟೇ. ಟಿಸಿಪಿ ಕಥೆಯೂ ಇದೇ. ಎರಡು 16 ಬಿಟ್ ತುಂಡುಗಳು ಜಾಗ ಬದಲಿಸಿಕೊಂಡ್ರೆ ಮೊತ್ತ ಹಾಗೇ ಇರುತ್ತೆ, ಅದಕ್ಕೆ ಏನೂ ಗೊತ್ತಾಗಲ್ಲ.

ಅಂಥ ತಪ್ಪುಗಳು ನಿಜಕ್ಕೂ ಎಷ್ಟು ಆಗ್ತವೆ? 2000ನೇ ಇಸವಿಯಲ್ಲಿ ಜೊನಾಥನ್ ಸ್ಟೋನ್ ಮತ್ತು ಕ್ರೇಗ್ ಪಾರ್ಟ್ರಿಜ್ ಇದನ್ನು ಅಳೆದು ತೋರಿಸಿದ್ರು. ನನ್ನ ಪ್ರಕಾರ ಈ ಇಡೀ ಕಥೆಯಲ್ಲಿ ಅತ್ಯಂತ ಒಳ್ಳೆಯ ಪತ್ತೇದಾರಿ ಕೆಲಸ ಇದೇ. ನಿಜವಾದ ಇಂಟರ್ನೆಟ್ ಟ್ರಾಫಿಕ್ ನೋಡಿ, ಚೆಕ್‌ಸಮ್ ತಪ್ಪಿದ ಸುಮಾರು 5 ಲಕ್ಷ ಪ್ಯಾಕೆಟ್‌ಗಳನ್ನು ಅವರು ಕೂಡಿಹಾಕಿದ್ರು. ಆ ಕಾಲಕ್ಕೆ ಕೇಬಲ್ ಮಟ್ಟದಲ್ಲಿ ಸಿಆರ್‌ಸಿ ಅನ್ನೋ ಬಲವಾದ ತಪಾಸಣೆ ಇತ್ತು. ಅದರ ಕಣ್ಣು ತಪ್ಪಿಸೋದು 400 ಕೋಟಿ ತಪ್ಪುಗಳಲ್ಲಿ ಒಂದು ಮಾತ್ರ ಅಂತ ಲೆಕ್ಕ. ಅಂದ ಮೇಲೆ ಟಿಸಿಪಿವರೆಗೆ ತಪ್ಪು ಬರಲೇಬಾರದು. ಅವರಿಗೆ ಸಿಕ್ಕಿದ್ದು ಎಷ್ಟು ಗೊತ್ತಾ? ಜಾಗಕ್ಕೆ ತಕ್ಕ ಹಾಗೆ, 1,100 ಪ್ಯಾಕೆಟ್‌ಗೆ ಒಂದರಿಂದ 32,000ಕ್ಕೆ ಒಂದರವರೆಗೆ.

ಕೇಬಲ್ ಸರಿ ಇದ್ರೆ ಇಷ್ಟು ತಪ್ಪು ಬಂದದ್ದು ಎಲ್ಲಿಂದ? ಆ ಕೆಟ್ಟ ಪ್ಯಾಕೆಟ್‌ಗಳನ್ನು ಸರಿಯಾದ ಪ್ರತಿಗಳ ಜೊತೆ ಇಟ್ಟು ನೋಡಿದಾಗ ಸುಮಾರು 100 ಬಗೆಯ ತಪ್ಪುಗಳು ಕಂಡವು. ಎಲ್ಲದಕ್ಕೂ ಕಾರಣ ಸಿಗಲಿಲ್ಲ, ಸುಮಾರು ಅರ್ಧಕ್ಕೆ ಸಿಕ್ಕಿತು. ಮೆಮೊರಿ ದೋಷದಿಂದ ಹಿಡಿದು ಟಿಸಿಪಿ ಸಾಫ್ಟ್‌ವೇರ್‌ನ ಬಗ್‌ವರೆಗೆ ಎಲ್ಲವೂ ಇದ್ದವು. ತಂತಿಯ ಮೇಲೆ ಕೆಟ್ಟದ್ದಕ್ಕಿಂತ ಯಂತ್ರಗಳ ಹೊಟ್ಟೆಯೊಳಗೆ ಕೆಟ್ಟದ್ದೇ ಹೆಚ್ಚು. ಎಂಐಟಿಯ ಆ ಗೇಟ್‌ವೇ ಒಂಟಿಯಾಗಿರಲಿಲ್ಲ, ಅದಕ್ಕೆ ದೊಡ್ಡ ಸಂಸಾರವೇ ಇತ್ತು.

ಇವೆಲ್ಲ ಟಿಸಿಪಿ ಹಿಡಿದ ತಪ್ಪುಗಳು. ಹಿಡಿಯದೇ ಬಿಟ್ಟವು 1.6 ಕೋಟಿ ಪ್ಯಾಕೆಟ್‌ಗೆ ಒಂದರಿಂದ 1,000 ಕೋಟಿಗೆ ಒಂದರ ನಡುವೆ ಇರಬಹುದು ಅಂತ ಅವರ ಅಂದಾಜು. ಒಂದು ಪ್ಯಾಕೆಟ್‌ಗೆ ಸುಮಾರು 1,460 ಬೈಟ್ ಡೇಟಾ ಅಂತ ಇಟ್ಟುಕೊಂಡು ನಾನೇ ಗುಣಾಕಾರ ಮಾಡಿದೆ. ಕೆಟ್ಟ ತುದಿಯಲ್ಲಿ ಸುಮಾರು 23 ಜಿಬಿಗೆ ಒಂದು ಗುಟ್ಟಾದ ತಪ್ಪು, ಒಳ್ಳೆ ತುದಿಯಲ್ಲಿ ಸುಮಾರು 15 ಟಿಬಿಗೆ ಒಂದು. 2000ದಲ್ಲಿ 23 ಜಿಬಿ ಅಂದ್ರೆ ಭಾರಿ ಮಾತು. ಇವತ್ತು ಒಂದು ಮದುವೆ ವಿಡಿಯೋದ ಒರಿಜಿನಲ್ ಫೈಲ್‌ಗಳು ಅದನ್ನು ದಾಟುತ್ತವೆ. ಆ ಅಂಕಿಗಳನ್ನು ಇವತ್ತಿನ ಯಂತ್ರಗಳಿಗೆ ಹಾಗೇ ಅಂಟಿಸೋಕಾಗಲ್ಲ, ನಿಜ. ಮತ್ತೆ ತಪ್ಪುಗಳು ಸಮವಾಗಿ ಹಂಚಿಕೆಯಾಗಲ್ಲ, ಕೆಟ್ಟ ಯಂತ್ರದ ಸುತ್ತ ಗುಂಪಾಗಿ ಬರ್ತವೆ. ಹಾಗಾಗಿ ಬಹಳಷ್ಟು ಜನಕ್ಕೆ ಏನೂ ಆಗಲ್ಲ, ಒಬ್ಬನಿಗೆ ಮಾತ್ರ ದಿನಾ ಆಗುತ್ತೆ.

ತಪಾಸಣೆ ಇಲ್ಲದ ಸಂದಿ ಒಂದಿದ್ರೆ ಸಾಕು, ದೊಡ್ಡವರೂ ಬೀಳ್ತಾರೆ. 2008ರ ಜುಲೈ 20, ಭಾನುವಾರ. ಅಮೆಜಾನ್‌ನ ಎಸ್3 ಸ್ಟೋರೇಜ್ ಗಂಟೆಗಟ್ಟಲೆ ನಿಂತಿತು. ಗ್ರಾಹಕರ ಫೈಲ್‌ಗಳಿಗೆಲ್ಲ ಅವರು ಎಂಡಿ5 ಚೆಕ್‌ಸಮ್ ಇಟ್ಟಿದ್ರು. ಆದರೆ ಸರ್ವರ್‌ಗಳು ಪರಸ್ಪರ "ಯಾರು ಹೇಗಿದ್ದೀರಿ" ಅಂತ ಸುದ್ದಿ ಹಂಚಿಕೊಳ್ಳುವ ಒಳಗಿನ ಸಂದೇಶಗಳಿಗೆ ಆ ರಕ್ಷಣೆ ಇರಲಿಲ್ಲ. ಬೆರಳೆಣಿಕೆಯ ಸಂದೇಶಗಳಲ್ಲಿ ಒಂದೇ ಒಂದು ಬಿಟ್ ಬದಲಾಗಿತ್ತು. ಓದೋಕೆ ಸರಿಯಾಗಿಯೇ ಇತ್ತು, ಅರ್ಥ ಮಾತ್ರ ತಪ್ಪು. ಆ ತಪ್ಪು ಸುದ್ದಿ ಬಾಯಿಂದ ಬಾಯಿಗೆ ಹರಡಿ, ಸರ್ವರ್‌ಗಳೆಲ್ಲ ಸುದ್ದಿ ಹಂಚೋದರಲ್ಲೇ ಮುಳುಗಿಹೋದವು. ಕೊನೆಗೆ ಅವುಗಳ ಮಾತುಕತೆಯನ್ನೇ ನಿಲ್ಲಿಸಿ, ನೆನಪು ಅಳಿಸಿ, ಹೊಸದಾಗಿ ಶುರು ಮಾಡಬೇಕಾಯ್ತು. ಅಮೆಜಾನ್ ಇದನ್ನೆಲ್ಲ ತಾನೇ ಬಹಿರಂಗವಾಗಿ ಬರೆದುಕೊಂಡಿತು, ಅದು ಮೆಚ್ಚಬೇಕಾದ್ದು.

ಈಗ ಕೈಗೆ ಕೆಲಸ. ಕಾಪಿಯಾದ ದೊಡ್ಡ ಫೈಲ್ ಮೇಲೆ ಅನುಮಾನ ಬಂತು ಅಂದ್ರೆ ಬಹಳ ಜನ ಮೊದಲು ಮಾಡೋದು ಕೇಬಲ್ ಬದಲಿಸೋದು. ಮೇಲಿನ ಕಥೆ ಕೇಳಿದ ಮೇಲೆ ನೀವು ಹಾಗೆ ಮಾಡಲ್ಲ ಅಂದುಕೊಳ್ತೀನಿ. ಕೇಬಲ್ ಕೆಟ್ಟಿದ್ರೆ ಸಿಆರ್‌ಸಿ ಕೂಗಿಕೊಳ್ಳುತ್ತೆ, ನೆಟ್‌ವರ್ಕ್ ಕಾರ್ಡ್‌ನ ಎರರ್ ಕೌಂಟರ್ ಏರುತ್ತೆ, ಕಾಪಿ ನಿಧಾನ ಆಗುತ್ತೆ. ಸದ್ದಿಲ್ಲದೆ ಫೈಲ್ ಕೆಟ್ಟರೆ ಯಂತ್ರಗಳ ಒಳಗೆ ನೋಡಬೇಕು. ಮೊದಲು ಮೂಲ ಸರ್ವರ್‌ನಲ್ಲೇ ಫೈಲ್‌ನ ಎಸ್‌ಎಚ್‌ಎ256 ಹ್ಯಾಶ್ ಎರಡು ಸಲ ತೆಗೆಯಿರಿ. ಎರಡು ಸಲಕ್ಕೆ ಎರಡು ಉತ್ತರ ಬಂದ್ರೆ ನೆಟ್‌ವರ್ಕ್ ಮಾತೇ ಬೇಡ, ಆ ಯಂತ್ರದ ರ‍್ಯಾಮ್ ಅಥವಾ ಡಿಸ್ಕ್ ಕಡೆ ತಿರುಗಿ. ಒಂದೇ ಉತ್ತರ ಬಂದ್ರೆ ಫೈಲನ್ನು ಮೂರ್ನಾಲ್ಕು ಸಲ ಕಾಪಿ ಮಾಡಿ, ಮೂಲದ ಜೊತೆ ಬೈಟ್ ಬೈಟ್ ಹೋಲಿಸಿ. ಪ್ರತಿ ಸಲ ಬೇರೆ ಜಾಗದಲ್ಲಿ ಒಂದೊಂದೇ ಬಿಟ್ ತಪ್ಪಿದ್ರೆ ಮೆಮೊರಿ ಮೇಲೆ ನನ್ನ ಅನುಮಾನ. ಸಾಲು ಸಾಲು ಬೈಟ್‌ಗಳು ಒಟ್ಟಿಗೆ ಹಾಳಾಗಿದ್ರೆ ಬಫರ್, ಡ್ರೈವರ್, ನೆಟ್‌ವರ್ಕ್ ಕಾರ್ಡ್.

ನೆಟ್‌ವರ್ಕ್ ಕಾರ್ಡ್ ಬಗ್ಗೆ ಒಂದು ಮಾತು ಹೆಚ್ಚು ಹೇಳಬೇಕು. ಸಿಪಿಯು ಕೆಲಸ ಹಗುರ ಮಾಡೋಕೆ ಟಿಸಿಪಿ ಚೆಕ್‌ಸಮ್ ಲೆಕ್ಕವನ್ನು ಈಗ ಕಾರ್ಡೇ ಮಾಡುತ್ತೆ, ಇದಕ್ಕೆ ಆಫ್‌ಲೋಡ್ ಅಂತಾರೆ. ಮೆಮೊರಿಯಿಂದ ಕಾರ್ಡ್‌ಗೆ ಬರುವ ದಾರಿಯಲ್ಲೇ ಡೇಟಾ ಕೆಟ್ಟರೆ, ಕಾರ್ಡ್ ಆ ಕೆಟ್ಟ ಡೇಟಾಕ್ಕೆ ಸರಿಯಾದ ಚೆಕ್‌ಸಮ್ ಬರೆದು ಕಳಿಸುತ್ತೆ. ಮತ್ತದೇ ಗೇಟ್‌ವೇ ಕಥೆ, ಈ ಸಲ ನಮ್ಮದೇ ಡಬ್ಬಿಯೊಳಗೆ. ಲಿನಕ್ಸ್‌ನಲ್ಲಿ ಈಥ್‌ಟೂಲ್‌ನಿಂದ ಆಫ್‌ಲೋಡ್ ಆರಿಸಿ ಮತ್ತೆ ಕಾಪಿ ಮಾಡಿ ನೋಡಿ. ವೇಗ ಸ್ವಲ್ಪ ಇಳಿಯಬಹುದು, ಆದರೆ ತಪ್ಪು ನಿಂತುಹೋದರೆ ಕಳ್ಳ ಸಿಕ್ಕ ಹಾಗೆ.

ಇನ್ನೊಂದು. ಎಸ್‌ಎಸ್‌ಎಚ್ ಮೂಲಕ ದೊಡ್ಡ ಫೈಲ್ ಕಳಿಸುವಾಗ "ಕರಪ್ಟೆಡ್ ಮ್ಯಾಕ್ ಆನ್ ಇನ್‌ಪುಟ್" ಅಂತ ಬಂದು ಸಂಪರ್ಕ ಕಡಿದುಹೋಗೋದನ್ನು ಕೆಲವರು ನೋಡಿರ್ತೀರಿ. ಜನ ಎಸ್‌ಎಸ್‌ಎಚ್‌ಗೇ ಬೈದು, ಎನ್‌ಕ್ರಿಪ್ಷನ್ ಇಲ್ಲದ ಬೇರೆ ವಿಧಾನ ಹಿಡೀತಾರೆ. ಅಲ್ಲಿ ಕಾಪಿ ಸಲೀಸಾಗಿ ಮುಗಿಯುತ್ತೆ, ಯಾಕಂದ್ರೆ ತಪ್ಪನ್ನು ಹೇಳೋರು ಯಾರೂ ಇಲ್ಲ. ಆ ಮೆಸೇಜ್ ಬಂದಾಗ ಎಸ್‌ಎಸ್‌ಎಚ್ ಬಿಟ್ಟುಬಿಡಬೇಡಿ, ಮೇಲೆ ಹೇಳಿದ ಹುಡುಕಾಟ ಶುರು ಮಾಡಿ. ಆರ್‌ಸಿಂಕ್ ಬಳಸುವವರಿಗೂ ಒಂದು ಸೂಚನೆ: ಅದು ತಾನು ಕಳಿಸಿದ ಫೈಲನ್ನು ಕೊನೆಯಲ್ಲಿ ತಾಳೆ ನೋಡುತ್ತೆ, ಆದರೆ ಮುಂದಿನ ಸಲ ಓಡಿಸಿದಾಗ ಸಾಮಾನ್ಯವಾಗಿ ಸೈಜ್ ಮತ್ತು ತಾರೀಖು ಮಾತ್ರ ನೋಡಿ ಮುಂದೆ ಹೋಗುತ್ತೆ. ಒಳಗಿನದನ್ನೂ ಹೋಲಿಸಬೇಕಾದ್ರೆ ಚೆಕ್‌ಸಮ್ ಆಯ್ಕೆಯನ್ನು ನಾವೇ ಕೊಡಬೇಕು. ಮೂಲ ಡಿಸ್ಕ್ ಅಳಿಸೋ ಮುಂಚೆ ಇದನ್ನು ಮಾಡಿ, ಆಮೇಲೆ ಹೋಲಿಸೋಕೆ ಏನೂ ಉಳಿದಿರಲ್ಲ.

ಈ ಸಂಚಿಕೆಯ ಆಡಿಯೋ ಫೈಲ್‌ನ ಎಸ್‌ಎಚ್‌ಎ256 ಹ್ಯಾಶನ್ನು ಕೆಳಗಿನ ವಿವರಣೆಯಲ್ಲಿ ಹಾಕಿದ್ದೇನೆ. ವೆಬ್‌ಸೈಟ್‌ನಿಂದ ನೇರವಾಗಿ ಇಳಿಸಿಕೊಂಡವರು ಹೊಂದುತ್ತಾ ಅಂತ ನೋಡಿ. ಬೇರೆ ಆ್ಯಪ್‌ಗಳಲ್ಲಿ ಕೇಳೋರಿಗೆ ಹೊಂದದೇ ಇರಬಹುದು, ಕೆಲವು ಆ್ಯಪ್‌ಗಳು ಫೈಲನ್ನು ತಮಗೆ ಬೇಕಾದ ಹಾಗೆ ಮತ್ತೆ ಎನ್‌ಕೋಡ್ ಮಾಡ್ತವೆ. ನೇರ ಇಳಿಸಿಯೂ ಹೊಂದಲಿಲ್ಲ ಅಂದ್ರೆ ಮಾತ್ರ ನನಗೆ ಬರೀರಿ, ಇಬ್ಬರೂ ಕೂತು ಹುಡುಕೋಣ.