ದಾರಿ ಕಲಿಯುವ ಮಿದುಳು

ಪ್ರೌಢಶಾಲೆಯಲ್ಲಿ ಭೂಗೋಳ ಬೋಧಿಸುತ್ತಿದ್ದಾಗ, ಮನೆಯಿಂದ ಶಾಲೆಗೆ ಬರುವ ದಾರಿಯ ನಕ್ಷೆಯನ್ನು ಮಕ್ಕಳಿಂದ ಬರೆಸುವುದು ನನ್ನ ವಾಡಿಕೆಯಾಗಿತ್ತು. ನಡೆದು ಬರುವವರ ನಕ್ಷೆಯಲ್ಲಿ ಅರಳಿಕಟ್ಟೆ, ಹಿಟ್ಟಿನ ಗಿರಣಿ, ಆಂಜನೇಯನ ಗುಡಿ ಎಲ್ಲವೂ ಇರುತ್ತಿದ್ದವು. ತಂದೆಯ ಸ್ಕೂಟರಿನ ಹಿಂದೆ ಕುಳಿತು ಬರುವವರ ಹಾಳೆ ಬಹುಪಾಲು ಖಾಲಿ. ಇದರ ಮರ್ಮ ನನಗೆ ಹೊಳೆದದ್ದು ನಿವೃತ್ತಿಯ ನಂತರದ ಓದಿನಲ್ಲಿ.

ಇಲಿಗಳು ತಿರುವುಗಳನ್ನು ಕಂಠಪಾಠ ಮಾಡುವುದಷ್ಟೇ ಅಲ್ಲ, ಸ್ಥಳದ ನಕ್ಷೆಯನ್ನೇ ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತವೆ ಎಂದು ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟೋಲ್ಮನ್ 1948ರಲ್ಲಿ ವಾದಿಸಿದರು. ಆ ನಕ್ಷೆಯ ನೆಲೆ ಎಲ್ಲಿ? 1971ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಜಾನ್ ಓಕೀಫ್ ಮತ್ತು ಅವರ ವಿದ್ಯಾರ್ಥಿ ಜೊನಾಥನ್ ದೊಸ್ತ್ರೋವ್ಸ್ಕಿ, ಇಲಿಯು ಗೊತ್ತಾದ ಒಂದು ಜಾಗಕ್ಕೆ ಬಂದಾಗ ಮಾತ್ರ ಮಿಡಿಯುವ ನರಕೋಶಗಳನ್ನು ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿ ಕಂಡರು. ಸುತ್ತಲಿನ ಗುರುತುಗಳನ್ನು ತಿರುಗಿಸಿಟ್ಟರೆ ಆ ಕೋಶಗಳು ಮಿಡಿಯುವ ಜಾಗವೂ ತಿರುಗುವುದು ಮುಂದಿನ ಪ್ರಯೋಗಗಳಲ್ಲಿ ತಿಳಿದುಬಂತು. ಈ ಶೋಧಕ್ಕೆ ಓಕೀಫ್ 2014ರ ನೊಬೆಲ್ ಪ್ರಶಸ್ತಿಯನ್ನು ಮೋಸರ್ ದಂಪತಿಗಳೊಡನೆ ಹಂಚಿಕೊಂಡರು.

ಮನುಷ್ಯರಲ್ಲಿ ಇದನ್ನು ನೋಡುವುದು ಹೇಗೆ? ಸ್ಕ್ಯಾನಿಂಗ್ ಯಂತ್ರದಲ್ಲಿ ತಲೆ ಅಲುಗಾಡುವಂತಿಲ್ಲ. ನಡೆದಾಡುವ ಮಾತು ದೂರ. ಲಂಡನ್ನಿನ ಎಲಿನರ್ ಮೆಗ್ವಾಯರ್ ಮತ್ತು ಸಂಗಡಿಗರು ಇದಕ್ಕೊಂದು ಉಪಾಯ ಕಂಡುಕೊಂಡರು. ಕಂಪ್ಯೂಟರಿನಲ್ಲಿ ಊರೊಂದನ್ನು ಕಟ್ಟಿ, ಮಲಗಿದವರನ್ನು ಅದರ ಬೀದಿಗಳಲ್ಲಿ ಅಲೆಸಿದರು. 1998ರಲ್ಲಿ ಪ್ರಕಟವಾದ ಆ ಅಧ್ಯಯನದಂತೆ, ಸರಿಯಾದ ದಾರಿ ಹಿಡಿದು ನಡೆದಷ್ಟೂ ಬಲಭಾಗದ ಹಿಪೊಕ್ಯಾಂಪಸ್ ಹೆಚ್ಚು ಚುರುಕಾಗಿತ್ತು.

2017ರಲ್ಲಿ ಅದೇ ಕಾಲೇಜಿನ ಹ್ಯೂಗೋ ಸ್ಪಿಯರ್ಸ್ ತಂಡವು 24 ಮಂದಿಗೆ ಲಂಡನ್ನಿನ ಸೋಹೋ ಬಡಾವಣೆಯನ್ನು ಸುತ್ತಿಸಿ, ಬಳಿಕ ಸ್ಕ್ಯಾನರಿನೊಳಗೆ ಅದೇ ಬೀದಿಗಳ ಚಲನಚಿತ್ರವನ್ನು ತೋರಿಸಿತು. ತಾವೇ ದಾರಿ ಹುಡುಕುವಾಗ, ಹೊಸ ಬೀದಿಗೆ ಕಾಲಿಟ್ಟೊಡನೆ ಹಿಪೊಕ್ಯಾಂಪಸ್ ಹಾಗೂ ಮುಂಭಾಗದ ಮಿದುಳು ಜಾಗೃತವಾಗುತ್ತಿದ್ದವು. ಕವಲುಗಳು ಹೆಚ್ಚಿದ್ದಲ್ಲಿ ಇನ್ನಷ್ಟು. ಎಲ್ಲಿ ತಿರುಗಬೇಕೆಂದು ಸೂಚನೆ ಕೊಟ್ಟಾಗ ಈ ಏರಿಳಿತ ಕಾಣಲಿಲ್ಲ.

ಸೂಚನೆ ಪಾಲಿಸಿದರೆ ಮಿದುಳು ಸವೆಯುತ್ತದೆಂದು ಈ ಪ್ರಯೋಗ ಹೇಳುವುದಿಲ್ಲ. ಆಯ್ಕೆಯ ಹೊಣೆ ನಮ್ಮದಲ್ಲವಾದಾಗ ಅದು ಲೆಕ್ಕ ಹಾಕುವುದಿಲ್ಲ, ಅಷ್ಟೆ. ಸ್ಕೂಟರಿನ ಹಿಂದೆ ಕುಳಿತ ನನ್ನ ಶಿಷ್ಯರಿಗೂ ಆಗ ಆ ಹೊಣೆ ಇರಲಿಲ್ಲವಲ್ಲ! ಅವರನ್ನು ದಡ್ಡರೆಂದು ಗದರಿದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ಆದುದರಿಂದ ಮೊಮ್ಮಗನೊಡನೆ ಹೊಸ ಊರಿಗೆ ಹೋದಾಗ ನಾನೊಂದು ನಿಯಮ ಮಾಡಿಕೊಂಡಿದ್ದೇನೆ: ಹೋಗುವಾಗ ದಾರಿ ಫೋನಿನದು, ಮರಳುವಾಗ ಅವನದು.