ಇಬ್ಬರು ಊದುವ ಒಂದು ಕೊಳಲು

ಹಾಡಿನ ಅರ್ಧ ಸ್ವರಗಳು ನಿಮ್ಮ ಹತ್ತಿರ, ಇನ್ನರ್ಧ ಪಕ್ಕದವನ ಹತ್ತಿರ ಇದ್ರೆ ಏನ್ಮಾಡ್ತೀರಿ? ಪೆರು-ಬೊಲಿವಿಯಾ ಗಡಿಯ ಟಿಟಿಕಾಕಾ ಸರೋವರದ ಸುತ್ತ ಐಮಾರಾ ಜನ ಊದುವ 'ಸಿಕು' ಹೀಗೇ ಇರುತ್ತೆ. ಜೊಂಡಿನ ಕೊಳವೆಗಳನ್ನು ಸಾಲಾಗಿ ಕಟ್ಟಿದ ಈ ವಾದ್ಯಕ್ಕೆ ಎರಡು ಭಾಗ: ಸಾಮಾನ್ಯವಾಗಿ 6 ಕೊಳವೆಯ 'ಇರಾ', 7 ಕೊಳವೆಯ 'ಅರ್ಕಾ'. ಇರಾ ಬಿಟ್ಟ ಸ್ವರವನ್ನು ಅರ್ಕಾ ಹಿಡಿಯಬೇಕು.

1532ರಲ್ಲಿ ಇಂಕಾ ದೊರೆಯನ್ನು ಸೆರೆಹಿಡಿದ ಸ್ಪೇನಿನವರ ಹಿಂದೆಯೇ ಗಿಟಾರು, ಹಾರ್ಪು ಬಂದವು. ಅವನ್ನೂ ಅಲ್ಲಿನವರು ತಮ್ಮದಾಗಿಸಿಕೊಂಡರು. ಸಿಕು ಮಾತ್ರ ಬಿಡಲಿಲ್ಲ. 20ನೇ ಶತಮಾನದಲ್ಲಿ ಪುನೋ ಕಡೆಯಿಂದ ಲಿಮಾ ನಗರಕ್ಕೆ ವಲಸೆ ಹೋದವರು ಅಲ್ಲೂ ಮೇಳ ಕಟ್ಟಿದರು.

ಈಗ ಎರಡೂ ಭಾಗ ಸೇರಿಸಿಕೊಂಡು ಒಬ್ಬರೇ ಊದೋದೂ ಉಂಟು. ಹಾಡೇನೋ ಪೂರ್ತಿ ಬರುತ್ತೆ. ಪಕ್ಕದವನಿಗೆ ಕಿವಿಗೊಡೋ ಅಗತ್ಯ ತಪ್ಪಿಹೋಗುತ್ತೆ, ಅಷ್ಟೇ.