ಪಶುವೈದ್ಯ ನೋಂದಣಿಗೆ ಬೇಕಾದ ಶಿಕ್ಷಣ: ಅವಧಿ, ಪದವಿನಾಮ ಮತ್ತು ಅಧಿಕಾರವ್ಯಾಪ್ತಿ

1. ವ್ಯಾಪ್ತಿ

ಪಶುವೈದ್ಯ ಪದವಿಯ ಅವಧಿ ಎಷ್ಟು ಎಂದರೆ ನಾಲ್ಕೂವರೆ ವರ್ಷ, 5 ವರ್ಷ, ಐದೂವರೆ ವರ್ಷ ಎಂಬ ಮೂರು ಉತ್ತರಗಳು ಸಿಗುತ್ತವೆ. ಮೂರರಲ್ಲಿ ಯಾವುದನ್ನೂ ಪೂರ್ತಿ ತಪ್ಪೆನ್ನಲಾಗದು. ಈ ಭಿನ್ನತೆಯ ಮೂಲವನ್ನು ಗುರುತಿಸುವುದು ಟಿಪ್ಪಣಿಯ ಮುಖ್ಯ ಉದ್ದೇಶ; ಭಾರತದ, ಅದರಲ್ಲೂ ಕರ್ನಾಟಕದ ಸ್ಥಿತಿಯನ್ನಷ್ಟೇ ಗಮನಿಸಿದೆ. 'ಲೈಸೆನ್ಸ್' ಎಂಬ ರೂಢಿಯ ಮಾತನ್ನು ಬಳಸಿಲ್ಲ. ಭಾರತೀಯ ಪಶುವೈದ್ಯ ಪರಿಷತ್ತು ಕಾಯಿದೆ, 1984ರ ಪರಿಭಾಷೆ 'ನೋಂದಣಿ'.

2. ಕಾಯಿದೆಯ ಕಾಲನಿರ್ದೇಶ

ವೈದ್ಯವೃತ್ತಿ ಸಂವಿಧಾನದ ಸಮವರ್ತಿ ಪಟ್ಟಿಗೆ ಸೇರಿದೆ. ಪಶುವೈದ್ಯ ತರಬೇತಿ ಮತ್ತು ವೃತ್ತಿ ಇರುವುದು ರಾಜ್ಯ ಪಟ್ಟಿಯಲ್ಲಿ, 15ನೆಯ ನಮೂದಾಗಿ. ಸಂಸತ್ತು ಈ ವಿಷಯದಲ್ಲಿ ಶಾಸನ ಮಾಡಲು 252ನೆಯ ವಿಧಿಯಡಿ ರಾಜ್ಯಗಳ ನಿರ್ಣಯ ಬೇಕಾದದ್ದು ಇದರಿಂದಲೇ. ಮೊದಲು ನಿರ್ಣಯ ಅಂಗೀಕರಿಸಿದ ರಾಜ್ಯಗಳು ಹರಿಯಾಣ, ಬಿಹಾರ, ಒರಿಸ್ಸಾ, ಹಿಮಾಚಲ ಪ್ರದೇಶ, ರಾಜಸ್ಥಾನ. ಕರ್ನಾಟಕ ಈ ಐದರಲ್ಲಿಲ್ಲ. ಅದು ಕಾಯಿದೆಯ ವ್ಯಾಪ್ತಿಗೆ ಬಂದದ್ದು ಆಮೇಲೆ. ಕೇಂದ್ರ ಪರಿಷತ್ತು ರಚನೆಯಾದದ್ದು 1989ರಲ್ಲಿ. ಆದ್ದರಿಂದ '1984ರಿಂದ ದೇಶಾದ್ಯಂತ ನೋಂದಣಿ ಕಡ್ಡಾಯ' ಎಂಬ ಒಕ್ಕಣೆಯಲ್ಲಿ ಕಾಯಿದೆಯ ವರ್ಷ ಸರಿಯಿದೆ, ಉಳಿದದ್ದು ಸಡಿಲ.

3. ಅವಧಿ

3.1. ಪರಿಷತ್ತಿನ ಕನಿಷ್ಠ ಗುಣಮಟ್ಟದ ನಿಯಮಾವಳಿಗಳಲ್ಲಿ ಇಲ್ಲಿ ಪ್ರಸ್ತುತವಾದವು 2008ರದು ಮತ್ತು 2016ರದು. 2008ರ ಪ್ರಕಾರ ಒಟ್ಟು 5 ವರ್ಷ. 6 ತಿಂಗಳ ಇಂಟರ್ನ್‌ಶಿಪ್ ಅದರೊಳಗೇ ಸೇರಿತ್ತು. 2016ರ ಪ್ರಕಾರ ಐದೂವರೆ ವರ್ಷ. ಇಂಟರ್ನ್‌ಶಿಪ್ 12 ತಿಂಗಳು. ಕಳೆದು ನೋಡಿದರೆ ಎರಡರಲ್ಲೂ ಉಳಿಯುವುದು ನಾಲ್ಕೂವರೆ ವರ್ಷವೇ. 'ಕೋರ್ಸ್ ಅರ್ಧ ವರ್ಷ ಹಿಗ್ಗಿತು' ಎನ್ನುವಾಗ ತರಗತಿಯ ಪಾಠ ಹೆಚ್ಚಿತೆಂದು ತಿಳಿಯಬೇಕಿಲ್ಲ. ಹೆಚ್ಚಿದ್ದು ಕೊಟ್ಟಿಗೆ, ಆಸ್ಪತ್ರೆ, ಫಾರ್ಮುಗಳಲ್ಲಿ ಕಳೆಯುವ ಕಾಲ. ವಿಷಯಗಳ ಮರುಹಂಚಿಕೆ ಬೇರೆ ಪ್ರಶ್ನೆ. ಅದನ್ನು ಇಲ್ಲಿ ಪರಿಶೀಲಿಸಿಲ್ಲ.

3.2. 2016ರ ವ್ಯವಸ್ಥೆಯಲ್ಲಿ ಮೊದಲ ಮೂರು ವೃತ್ತಿಪರ ವರ್ಷಗಳು ತಲಾ 12 ತಿಂಗಳು, ನಾಲ್ಕನೆಯದು 18 ತಿಂಗಳು. '4ನೆಯ ವರ್ಷದ ವಿದ್ಯಾರ್ಥಿ' ಎಂಬ ದಾಖಲೆಯಿಂದ ಪ್ರವೇಶದ ವರ್ಷವನ್ನು ಹಿಂದೆಣಿಸುವವರು ಈ 18ನ್ನು ಮರೆತರೆ ಲೆಕ್ಕ ತಪ್ಪಬಹುದು.

3.3. ಪ್ರವೇಶಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಓದಿದ ಪಿಯುಸಿ ಬೇಕು. ಸಾಮಾನ್ಯ ವರ್ಗಕ್ಕೆ ಕನಿಷ್ಠ ಶೇ. 50 ಅಂಕ. ಅಖಿಲ ಭಾರತ ಕೋಟಾದ ಶೇ. 15 ಸೀಟುಗಳು ನೀಟ್ ಅಂಕದ ಮೇಲೆ, ಕರ್ನಾಟಕದ ಸರ್ಕಾರಿ ಸೀಟುಗಳು ಸಿಇಟಿ ಮೂಲಕ ಹಂಚಿಕೆಯಾಗುತ್ತವೆ. ಒಂದೇ ಬೆಂಚಿನಲ್ಲಿ ಕೂತ ಇಬ್ಬರು ಬೇರೆ ಬೇರೆ ಪರೀಕ್ಷೆ ಬರೆದು ಬಂದವರಾಗಿರಬಹುದು.

3.4. ಇಂಟರ್ನ್‌ಶಿಪ್‌ಗೆ ಮುನ್ನ ರಾಜ್ಯ ಪರಿಷತ್ತಿನಲ್ಲಿ ತಾತ್ಕಾಲಿಕ ನೋಂದಣಿ, ಮುಗಿದ ಮೇಲೆ ಪೂರ್ಣ ನೋಂದಣಿ. ಮಾನ್ಯ ಭಾರತೀಯ ಪದವೀಧರರಿಗೆ ಇವೆರಡರ ನಡುವೆ ಅಮೆರಿಕದಲ್ಲಿರುವಂಥ ಪ್ರತ್ಯೇಕ ಪರವಾನಗಿ ಪರೀಕ್ಷೆ ಇಲ್ಲ. ಪದವಿಯೇ ಅರ್ಹತೆ, ನೋಂದಣಿಯೇ ಅಧಿಕಾರ.

4. ಪದವಿನಾಮ

ಮದ್ರಾಸ್ ಪಶುವೈದ್ಯ ಕಾಲೇಜು (ಆರಂಭ 1903) 1936ರಲ್ಲಿ ಡಿಪ್ಲೊಮಾದಿಂದ ಬಿ.ವಿ.ಎಸ್ಸಿ. ಪದವಿಗೆ ಹೊರಳಿತು. ಹಳೆಯ ನಾಮಫಲಕಗಳಲ್ಲಿ ಕಾಣುವ 'ಜಿ.ಎಂ.ವಿ.ಸಿ.' ಆ ಡಿಪ್ಲೊಮಾದ ಕುರುಹು, ಅದು ಪದವಿಯಲ್ಲ. ಈಗಿನ 'ಬಿ.ವಿ.ಎಸ್ಸಿ. ಅಂಡ್ ಎ.ಎಚ್.'ನಲ್ಲಿ ಕೊನೆಯ ಎರಡು ಅಕ್ಷರ ಪಶುಸಂಗೋಪನೆಯನ್ನು ಸೂಚಿಸುತ್ತವೆ.

ಹೆಬ್ಬಾಳದ ಕಾಲೇಜಿನ (1958) ಹಳೆಯ ವಿದ್ಯಾರ್ಥಿಗಳ ಪ್ರಮಾಣಪತ್ರಗಳಲ್ಲಿ ವಿಶ್ವವಿದ್ಯಾಲಯದ ಹೆಸರು ಒಂದೇ ಆಗಿರುವುದಿಲ್ಲ. ಕಾಲೇಜು ಮೊದಲು ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿತ್ತು. 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದ ಬಳಿಕ ಅದಕ್ಕೆ ಸೇರಿತು. 2004ರ ಕಾಯಿದೆಯಿಂದ ರೂಪುಗೊಂಡ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಈಗ ಇದೆ. ನೋಂದಣಿ ದಾಖಲೆಗಳಲ್ಲಿ ಇವನ್ನು ಮೂರು ಭಿನ್ನ ಕಾಲೇಜುಗಳೆಂದು ಎಣಿಸಬಾರದು.

5. 'ದನದ ಡಾಕ್ಟ್ರು'

ಹಳ್ಳಿಯಲ್ಲಿ ಈ ಹೆಸರು ಪದವೀಧರರಿಗೂ ಸಲ್ಲುತ್ತದೆ, ಇಂಜೆಕ್ಷನ್ ಹಿಡಿದು ಮನೆಗೆ ಬರುವ ಪರಿವೀಕ್ಷಕರಿಗೂ ಸಲ್ಲುತ್ತದೆ. ಕಾಯಿದೆಯ 30ನೆಯ ಪ್ರಕರಣ ಗೆರೆ ಎಳೆಯುತ್ತದೆ: ಸರ್ಕಾರಿ ಪಶುವೈದ್ಯ ಹುದ್ದೆ, ಚಿಕಿತ್ಸೆ, ಪ್ರಮಾಣಪತ್ರಕ್ಕೆ ಸಹಿ, ನ್ಯಾಯಾಲಯದಲ್ಲಿ ತಜ್ಞ ಸಾಕ್ಷ್ಯ, ಇವು ನೋಂದಾಯಿತರಿಗೆ ಮೀಸಲು. ವಿಮೆ ಮಾಡಿಸಿದ ಎಮ್ಮೆ ಸತ್ತಾಗ ಮರಣೋತ್ತರ ವರದಿಯ ಕೆಳಗೆ ಸಹಿಯ ಜೊತೆ ನೋಂದಣಿ ಸಂಖ್ಯೆಯನ್ನು ಹುಡುಕುವುದು ಇದಕ್ಕಾಗಿ.

ಅದೇ ಪ್ರಕರಣದಲ್ಲಿ ಒಂದು ವಿನಾಯಿತಿಯೂ ಇದೆ. ರಾಜ್ಯ ಸರ್ಕಾರ ಅನುಮತಿಸಿದರೆ ಡಿಪ್ಲೊಮಾ ಅಥವಾ ಪ್ರಮಾಣಪತ್ರ ಪಡೆದವರು ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿ 'ಕಿರು ಸೇವೆ' ಸಲ್ಲಿಸಬಹುದು. ಲಸಿಕೆ, ಗಾಯಕ್ಕೆ ಪಟ್ಟಿ, ಹಿಡ ಮಾಡುವುದು ವಿವರಣೆಯಲ್ಲೇ ಹೆಸರಿಸಿದವು; ಉಳಿದವನ್ನು ರಾಜ್ಯ ಅಧಿಸೂಚನೆಯಿಂದ ಸೇರಿಸಬಹುದು. ಹಿಡ ಮಾಡುವ ವಿಧಾನವನ್ನು ವಿವರಣೆ ಹೇಳುವುದಿಲ್ಲ. ಬರ್ಡಿಜೊ ಇಕ್ಕಳದಿಂದ ಚರ್ಮ ಸೀಳದೆ ವೃಷಣದ ನಾಳವನ್ನು ಜಜ್ಜುವುದು ಒಂದು ಬಗೆ. ಅರಿವಳಿಕೆ ಕೊಟ್ಟು, ಕತ್ತಿಯಿಂದ ಬೀಜ ತೆಗೆಯುವುದು ಇನ್ನೊಂದು. 'ಪ್ರಾಥಮಿಕ ನೆರವು' ಎಂಬ ಅದೇ ವಾಕ್ಯದ ಮಾತನ್ನು ಒತ್ತಿ ಓದಿದರೆ ಮೊದಲನೆಯದಷ್ಟೇ ವಿನಾಯಿತಿಯೊಳಗೆ ಬರುತ್ತದೆ ಎನ್ನಲು ಅವಕಾಶವಿದೆ. ಆದರೆ ಅದು ಅರ್ಥೈಸುವವರ ಓದು. ಪಠ್ಯದಲ್ಲಿರುವುದು 'ಹಿಡ ಮಾಡುವುದು' ಎಂಬ ಒಂದೇ ಪದ.